ಮಾರನೆಯ ದಿನ ಯಾರು ಬಂದರು?



ನಿಮ್ಮ ತಾಲ್ಲೂಕು ಕೇಂದ್ರದ ಸಾರ್ವಜನಿಕ ಗ್ರಂಥಾಲಯವನ್ನು ಒಮ್ಮೆ ನೆನಪಿಸಿಕೊಳ್ಳಿ. ಬಾಗಿಲ ಬಳಿ ಉದ್ದನೆಯ ಮೇಜು. ಅದರ ಮೇಲೆ ದಿನಪತ್ರಿಕೆಗಳು. ಒಂದೇ ಪತ್ರಿಕೆ ನಾಲ್ಕು ಹಾಳೆಯಾಗಿ ನಾಲ್ಕು ಜನರ ಕೈಯಲ್ಲಿ. ಕ್ರೀಡಾಪುಟ ಒಬ್ಬರ ಹತ್ತಿರ, ಅಡಿಕೆ ಧಾರಣೆ ಇನ್ನೊಬ್ಬರ ಹತ್ತಿರ. ಒಳಗೆ ಕಬ್ಬಿಣದ ಕಪಾಟುಗಳು. ಕೆಲವಕ್ಕೆ ಬೀಗ. ಮೂಲೆಯ ಮೇಜಿಗೆ ತಲೆ ಬಗ್ಗಿಸಿ ಕೂತ ಯುವಕ ಯುವತಿಯರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು. ಫ್ಯಾನಿನ ಸದ್ದು. ಗ್ರಂಥಪಾಲಕರ ಮುಂದೆ ಒಂದು ರಿಜಿಸ್ಟರು.

ಈ ಕೋಣೆಯಲ್ಲಿ ಮಕ್ಕಳಿಗೆ ಕಥೆ ಹೇಳಬಹುದೆ? ಪುಸ್ತಕದ ರಟ್ಟು ಕಟ್ಟುವುದನ್ನು ಕಲಿಸಬಹುದೆ? ಊರಿನ ಕಲ್ಲು ಬರಹಗಳ ಬಗ್ಗೆ ಹತ್ತು ಜನ ಕೂತು ಮಾತಾಡಬಹುದೆ? ಮಾಡಬಹುದು, ಮಾಡಬೇಕು ಎಂಬುದು ನನ್ನ ಪಕ್ಷ. ಆದರೆ ಒಂದು ಷರತ್ತು ಇದೆ. ಕಾರ್ಯಕ್ರಮದ ದಿನ ಎಷ್ಟು ಜನ ಸೇರಿದರು ಎಂಬ ಲೆಕ್ಕ ನನಗೆ ಬೇಡ. ಮಾರನೆಯ ದಿನ, ಹಾರವಿಲ್ಲದ, ಮೈಕಿಲ್ಲದ ಸಾದಾ ದಿನ, ಯಾರು ಬಂದರು? ಇವತ್ತಿನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತ.

ಇದನ್ನು ಹೇಳಿದ ಕೂಡಲೇ ಕೆಲವರು ಹೇಳುತ್ತಾರೆ. "ಅಲ್ರೀ, ಗ್ರಂಥಾಲಯ ಅಂದ್ರೆ ನಿಶ್ಶಬ್ದ. ಗೋಡೆ ಮೇಲೇ ಬರೆದಿದ್ದಾರಲ್ಲ." ಬರೆದಿದ್ದಾರೆ, ನಿಜ. ಆದರೆ ಬಾಯಿ ಮುಚ್ಚಿ ಒಬ್ಬರೇ ಓದುವ ರೂಢಿ ನಮ್ಮ ನಾಡಿಗೆ ತೀರ ಹಳೆಯದಲ್ಲ. ಹಳೆ ಮೈಸೂರಿನ ಹಳ್ಳಿಗಳಲ್ಲಿ, ಮಲೆನಾಡಿನಲ್ಲಿ, ಓದು ಎಂದರೆ ಭಾರತ ಓದುವುದು. ಕುಮಾರವ್ಯಾಸನದೋ ಲಕ್ಷ್ಮೀಶನದೋ ಕಾವ್ಯ. ಒಬ್ಬರು ರಾಗವಾಗಿ ವಾಚನ ಮಾಡುತ್ತಾರೆ. ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ಉಳಿದವರು ಜಗಲಿಯ ತುಂಬ. ಅವರಲ್ಲಿ ಅಕ್ಷರ ಬಲ್ಲವರು ಕೆಲವರೇ. ಆದರೂ ದ್ರೌಪದಿಯ ಮಾತು ಅವರಿಗೆ ಬಾಯಿಪಾಠ. ಮಳೆ ತಡವಾದರೆ ವಿರಾಟಪರ್ವ ಓದಿಸುವ ಪದ್ಧತಿಯೂ ಇತ್ತು. ಮಳೆ ಬರುತ್ತಿತ್ತೋ ಇಲ್ಲವೋ, ಜನವಂತೂ ಬರುತ್ತಿದ್ದರು. ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಸಂದಾಗ, ಆ ಗೌರವ ಸಂದದ್ದು ಈ ಕೂಡಿ ಓದುವ ರೂಢಿಗೂ ಹೌದು ಎಂದು ನಾನು ತಿಳಿದಿದ್ದೇನೆ.

ಹಾಗಾಗಿ ಗ್ರಂಥಾಲಯದಲ್ಲಿ ಜನ ಸೇರಿಸುವುದು ಹೊರಗಿನಿಂದ ತಂದ ಹೊಸ ಷೋಕಿ ಏನಲ್ಲ. ಇಲ್ಲಿಯವರೆಗೆ ಹೇಳಿದ್ದು ಇಷ್ಟೇ. ಈಗ ಗ್ರಂಥಾಲಯಗಳ ಚರಿತ್ರೆಯಲ್ಲೇ ಒಂದೆರಡು ಪುಟ ತಿರುವೋಣ.

ಬರೋಡಾ ಸಂಸ್ಥಾನದ ಮಹಾರಾಜ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದಿಂದ ಬೋರ್ಡನ್ ಎಂಬ ಗ್ರಂಥಾಲಯ ತಜ್ಞರನ್ನು ಕರೆಸಿಕೊಂಡರು. ಹಳ್ಳಿ ಹಳ್ಳಿಗೆ ವಾಚನಾಲಯ, ಊರಿಂದೂರಿಗೆ ಓಡಾಡುವ ಪುಸ್ತಕದ ಪೆಟ್ಟಿಗೆ, ಇವೆಲ್ಲ ಅಲ್ಲಿ ಬೆಳೆದವು. ಅದಕ್ಕಿಂತ ನನಗೆ ಇಷ್ಟವಾದದ್ದು ಇನ್ನೊಂದು. ಆ ಗ್ರಂಥಾಲಯ ಇಲಾಖೆಯಲ್ಲಿ ಚಿತ್ರ ತೋರಿಸಲಿಕ್ಕೆಂದೇ ಒಂದು ವಿಭಾಗವಿತ್ತು. ಗಾಜಿನ ಪಟ್ಟಿಯ ಮೇಲಿನ ಚಿತ್ರಗಳನ್ನು ದೀಪದ ಬೆಳಕಿನಲ್ಲಿ ಪರದೆಗೆ ಬೀಳಿಸುತ್ತಿದ್ದರು. ಸಿನಿಮಾ ಯಂತ್ರವೂ ಇತ್ತು. ಓದು ಬಾರದವರೂ ಗ್ರಂಥಾಲಯದವರ ಕಾರ್ಯಕ್ರಮಕ್ಕೆ ಬರಬಹುದಿತ್ತು. ನೂರು ವರ್ಷಕ್ಕೂ ಹಿಂದಿನ ಮಾತು ಇದು.

ಮುಂದೆ 1931. ತಮಿಳುನಾಡಿನ ಮನ್ನಾರ್‌ಗುಡಿಯ ಸುತ್ತ ಎತ್ತಿನ ಗಾಡಿಯಲ್ಲಿ ಪುಸ್ತಕ ಹೊರಟಿತು. ಗಾಡಿ ಮಾಡಿಸಿದವರು ಕನಕಸಭೈ ಪಿಳ್ಳೈ ಎಂಬ ಎಂಜಿನಿಯರು. ಅದಕ್ಕೆ ಚಾಲನೆ ಕೊಟ್ಟವರು ಎಸ್. ಆರ್. ರಂಗನಾಥನ್. ಪುಸ್ತಕದ ಗಾಡಿ ಊರ ಬಾಗಿಲಿಗೆ ಬಂದು ನಿಲ್ಲುವುದೇ ಒಂದು ಸಮಾರಂಭ. ಬೇರೆ ಉದ್ಘಾಟನೆ ಯಾಕೆ ಬೇಕು?

ರಂಗನಾಥನ್ ಅವರ ಹೆಸರು ಬಂತು. ಒಂದು ನಿಮಿಷ ಅವರ ಬಳಿ ನಿಲ್ಲೋಣ. ಗಣಿತದ ಮೇಷ್ಟರು. ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲೇ ಕಳೆದರು. 1962ರಲ್ಲಿ ಇಲ್ಲಿ ಒಂದು ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು. 1972ರಲ್ಲಿ ಇಲ್ಲೇ ತೀರಿಕೊಂಡರು. ಗಾಡಿ ಹೊರಟ ಅದೇ 1931ರಲ್ಲಿ ಅವರ ಐದು ಸೂತ್ರಗಳ ಪುಸ್ತಕ ಬಂತು. ಗ್ರಂಥಾಲಯ ವಿಜ್ಞಾನ ಓದಿದವರಿಗೆಲ್ಲ ಅವು ಗೊತ್ತು. ಅವುಗಳಲ್ಲಿ ಎರಡು ಸೂತ್ರ ಜೋಡಿಯಾಗಿವೆ. ಒಂದರ ತಿರುಳು, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂಬುದು. ಇನ್ನೊಂದು ಅದನ್ನೇ ತಿರುಗಿಸುತ್ತದೆ. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು.

ಮೊದಲನೆಯದು ಸುಲಭ. ಓದುಗ ಬಂದು ಕೇಳುತ್ತಾನೆ. ನೀವು ತೆಗೆದು ಕೊಡುತ್ತೀರಿ. ಎರಡನೆಯದು ಕಷ್ಟ. ಪುಸ್ತಕಕ್ಕೆ ಕಾಲಿಲ್ಲ, ಬಾಯಿಲ್ಲ. ಯಾರೂ ಕೇಳದ ಪುಸ್ತಕ ಕಪಾಟಿನಲ್ಲಿ ಇಪ್ಪತ್ತು ವರ್ಷ ಕೂತೇ ಇರುತ್ತದೆ. ಕೊನೆಗೆ ಗೆದ್ದಲು ಅದರ ಮೊದಲ ಓದುಗ. ಹಾಗಾಗಬಾರದು ಎಂದರೆ ಯಾರಾದರೂ ಆ ಪುಸ್ತಕವನ್ನು ಜನರ ನಡುವೆ ತಂದು ಇಡಬೇಕು. ಗ್ರಂಥಾಲಯದ ಕಾರ್ಯಕ್ರಮ ಇರುವುದು ಇದಕ್ಕೆ. ಮಾರನೆಯ ದಿನದ ಪ್ರಶ್ನೆ ನಾನು ಕೇಳುವುದೂ ಇದಕ್ಕೇ.

ಹಣ ಎಲ್ಲಿಂದ ಎಂದು ಕೇಳುತ್ತೀರಿ. ಚುಟುಕಾಗಿ ಹೇಳುತ್ತೇನೆ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯಿದೆ 1965ರದ್ದು. ನೀವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೂ ಸೇರಿರುತ್ತದೆ. ನೂರು ರೂಪಾಯಿ ತೆರಿಗೆಗೆ ಆರು ರೂಪಾಯಿ. ರಸೀದಿ ತೆಗೆದು ನೋಡಿ. ನೀವು ಗ್ರಂಥಾಲಯದ ಬಾಗಿಲು ತುಳಿಯದಿದ್ದರೂ ಅದಕ್ಕೆ ದುಡ್ಡು ಕೊಡುತ್ತಲೇ ಇದ್ದೀರಿ. ಹಳ್ಳಿಗಳ ಕಡೆ ವ್ಯವಸ್ಥೆ ಸ್ವಲ್ಪ ಬೇರೆ. ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಕೊರೊನಾದಿಂದ ಶಾಲೆ ಮುಚ್ಚಿದ್ದ 2020ರಲ್ಲಿ 'ಓದುವ ಬೆಳಕು' ಎಂಬ ಅಭಿಯಾನ ಶುರುವಾಯಿತು. ಮಕ್ಕಳಿಗೆ ಉಚಿತ ಸದಸ್ಯತ್ವ. ಲಕ್ಷಗಟ್ಟಲೆ ಮಕ್ಕಳು ಹೆಸರು ಬರೆಸಿದರು. ಈಗ ಆ ಗ್ರಂಥಾಲಯಗಳಿಗೆ ಅರಿವು ಕೇಂದ್ರ ಎಂದು ಹೆಸರು. ಕೆಲವು ಕಡೆ ನಿಜಕ್ಕೂ ಜೀವ ತುಂಬಿದೆ. ಕೆಲವು ಕಡೆ ಗೋಡೆಯ ಚಿತ್ರ ಮಾತ್ರ ಹೊಸದು. ಕಟ್ಟಡ, ಕಾಯಿದೆ, ದುಡ್ಡು ಎಲ್ಲ ಒಂದು ಮಟ್ಟಕ್ಕೆ ಇವೆ. ಒಳಗೆ ಏನು ನಡೆಯಬೇಕು ಎಂಬುದು ಇನ್ನೂ ತೀರ್ಮಾನವಾಗಬೇಕಾದ ವಿಷಯ.

ನಡೆಯಬಾರದ್ದನ್ನು ಮೊದಲು ಹೇಳಿಬಿಡುತ್ತೇನೆ. ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. 1968ರಿಂದ ನಡೆದು ಬಂದದ್ದು. ಒಳ್ಳೆಯದೇ. ಆದರೆ ಹಲವು ಕಡೆ ಏನಾಗುತ್ತದೆ? ಫ್ಲೆಕ್ಸ್ ಕಟ್ಟುತ್ತಾರೆ. ಓದುವ ಮೇಜುಗಳನ್ನು ಗೋಡೆಗೆ ಸರಿಸುತ್ತಾರೆ. ಶಾಲೆಯಿಂದ ಮಕ್ಕಳನ್ನು ಸಾಲಾಗಿ ಕರೆತಂದು ಕೂರಿಸುತ್ತಾರೆ. ಅತಿಥಿಗಳು ಒಂದು ಗಂಟೆ ತಡ. ದೀಪ ಬೆಳಗುವುದು, ಶಾಲು ಹೊದಿಸುವುದು. ಮೂರು ಭಾಷಣ. ಮೂರರಲ್ಲೂ ಮೊಬೈಲಿನಿಂದ ಮಕ್ಕಳು ಕೆಟ್ಟರು ಎಂಬ ದೂರು. ಅದನ್ನು ಮೊಬೈಲಿನಲ್ಲೇ ರೆಕಾರ್ಡು ಮಾಡುತ್ತಾರೆ. ಮಕ್ಕಳಿಗೆ ಲಾಡು, ಬಾಳೆಹಣ್ಣು. ಹೊರಡುವ ಹೊತ್ತಿಗೆ ಒಂದು ಮಗುವೂ ಒಂದು ಪುಸ್ತಕವನ್ನೂ ಮುಟ್ಟಿರುವುದಿಲ್ಲ. ಕಪಾಟಿನ ಬೀಗ ಹಾಗೇ ಇರುತ್ತದೆ, ಗ್ರಂಥಾಲಯದವರು ಶಾಮಿಯಾನದ ಕೆಲಸದಲ್ಲಿರುತ್ತಾರಲ್ಲ! ವರದಿಯಲ್ಲಿ ಇನ್ನೂರು ಜನ ಎಂದು ಬರೆಯುತ್ತಾರೆ. ಮಾರನೆಯ ದಿನ ಬರುವವರು ಅದೇ ಪತ್ರಿಕೆ ಓದುವ ನಾಲ್ಕು ಜನ.

ಸರಿ. ಹಾಗಾದರೆ ಪುಸ್ತಕ ಮುಟ್ಟಿಸುವ ಕಾರ್ಯಕ್ರಮ ಹೇಗಿರುತ್ತದೆ?

ಅದು ಚಿಕ್ಕದಾಗಿರುತ್ತದೆ. ಹದಿನೈದು ಜನ ಸಾಕು. ಮೈಕು ಬೇಡ. ಕೈಗೆ ಕೆಲಸ ಇರಬೇಕು. ಒಂದು ಉದಾಹರಣೆಯನ್ನು ಬಿಡಿಸಿ ಹೇಳುತ್ತೇನೆ. ರಟ್ಟು ಕಟ್ಟುವ ಕಮ್ಮಟ. ನೀವೂ ಮನೆಯಲ್ಲಿ ಕೂತೇ ಮಾಡಬಹುದು. ಮಕ್ಕಳಿದ್ದರೆ ಹತ್ತಿರ ಕರೆಯಿರಿ. ಒಂದು ದೊಡ್ಡ ಹಾಳೆ, ಒಂದು ಪೆನ್ಸಿಲ್ ಬೇಕು. ಹಳೆಯ ಕ್ಯಾಲೆಂಡರಿನ ಹಾಳೆಯಾದರೂ ಸರಿ.

ಹಾಳೆಯನ್ನು ಅರ್ಧಕ್ಕೆ ಮಡಚಿ. ಮತ್ತೆ ಅರ್ಧಕ್ಕೆ, ಅಡ್ಡಲಾಗಿ. ಇನ್ನೊಮ್ಮೆ ಅರ್ಧಕ್ಕೆ. ಮೂರು ಮಡಿಕೆ ಆಯಿತು. ಈಗ ನಿಮ್ಮ ಕೈಯಲ್ಲಿರುವುದು ಒಂದು ಪುಟ್ಟ ಪುಸ್ತಕ. ಅಂಚು ಕತ್ತರಿಸಿಲ್ಲ ಅಷ್ಟೆ. ಎಂಟು ಹಾಳೆ, ಹದಿನಾರು ಪುಟ. ಅಂಚುಗಳನ್ನು ಮೆಲ್ಲಗೆ ಇಣುಕಿ ನೋಡುತ್ತ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದು, ಎರಡು, ಮೂರು ಎಂದು ಹದಿನಾರರ ತನಕ ಸಂಖ್ಯೆ ಬರೆಯಿರಿ. ಬರೆದಾಯಿತೆ? ಈಗ ಹಾಳೆಯನ್ನು ಪೂರ್ತಿ ಬಿಚ್ಚಿ ನೆಲದ ಮೇಲೆ ಹರಡಿ.

ಸಂಖ್ಯೆಗಳು ಚೆಲ್ಲಾಪಿಲ್ಲಿ! ಕೆಲವು ತಲೆಕೆಳಗು. ಒಂದರ ಪಕ್ಕದಲ್ಲಿ ಎರಡು ಇಲ್ಲ, ಹದಿನಾರು ಇದೆ. ನಾಲ್ಕರ ಪಕ್ಕದಲ್ಲಿ ಹದಿಮೂರು. ಎಂಟರ ಪಕ್ಕದಲ್ಲಿ ಒಂಬತ್ತು. ಪುಸ್ತಕದ ಬೆನ್ನಾಗುವ ಮಡಿಕೆಯ ಆಚೆ ಈಚೆ ಇರುವ ಎರಡು ಸಂಖ್ಯೆಗಳನ್ನು ಕೂಡಿಸಿ. ಎಲ್ಲಿ ಕೂಡಿಸಿದರೂ 17. ಮುದ್ರಣಾಲಯದವರು ಪುಟಗಳನ್ನು ಹೀಗೆಯೇ ಒಂದು ದೊಡ್ಡ ಹಾಳೆಯ ಎರಡು ಮಗ್ಗುಲಿಗೆ ಅಚ್ಚು ಹಾಕಿ, ಆಮೇಲೆ ಮಡಚುತ್ತಾರೆ. ಹದಿನಾರು ಪುಟಕ್ಕೆ ಒಂದು ಫಾರಂ ಎನ್ನುತ್ತಾರೆ. ಇದನ್ನು ಒಮ್ಮೆ ಕಂಡ ಮಗು ಗ್ರಂಥಾಲಯದ ಪುಸ್ತಕ ತೆಗೆದು ಮೊದಲು ಅದರ ಬೆನ್ನು ನೋಡುತ್ತದೆ. ಎಷ್ಟು ಫಾರಂ ಎಂದು ಎಣಿಸುತ್ತದೆ. ಮಧ್ಯದ ಹೊಲಿಗೆ ಹುಡುಕುತ್ತದೆ. ಹೊಲಿಗೆ ಇಲ್ಲದೆ ಬರೀ ಅಂಟು ಹಾಕಿದ ಪುಸ್ತಕಗಳನ್ನು ಕಂಡು ಮೂಗು ಮುರಿಯುತ್ತದೆ. ಮುರಿಯಲಿ, ಅಂಥ ಪುಸ್ತಕಗಳು ಹಾಳೆ ಉದುರಿಸುವುದೂ ಬೇಗ.

ಆಮೇಲಿನ ಕೆಲಸ ದಾರ, ಸೂಜಿ, ರಟ್ಟು, ಮೈದಾ ಕಾಯಿಸಿದ ಅಂಟು. ವೃತ್ತಿಯವರು ಹುಳ ಬರದಂತೆ ಅಂಟಿಗೆ ಮೈಲುತುತ್ತ ಸೇರಿಸುತ್ತಾರೆ. ಅದು ವಿಷ, ಮಕ್ಕಳ ಕಮ್ಮಟದಲ್ಲಿ ಬೇಡವೇ ಬೇಡ. ಪ್ರತಿ ತಾಲ್ಲೂಕು ಕೇಂದ್ರದಲ್ಲಿ ಕಚೇರಿಯ ಕಡತ, ಕಾಲೇಜಿನ ರೆಕಾರ್ಡು ಬೈಂಡ್ ಮಾಡುವವರು ಒಬ್ಬರಾದರೂ ಇರುತ್ತಾರೆ. ಅವರನ್ನು ಕರೆಯಿರಿ. ಅವರೇ ಅತಿಥಿ, ಅವರೇ ಗುರು. ಶಾಲು ಹೊದಿಸಲೇಬೇಕೆಂದಿದ್ದರೆ ಅವರಿಗೆ ಹೊದಿಸಿ. ಮಕ್ಕಳ ಕೈಗೆ ಗ್ರಂಥಾಲಯದ ಹರಿದ ಪುಸ್ತಕಗಳನ್ನೇ ಕೊಡಿ. ತಾನು ಹೊಲಿದ ಪುಸ್ತಕ ಕಪಾಟಿನಲ್ಲಿ ಎಲ್ಲಿದೆ, ಯಾರು ಒಯ್ದರು ಎಂದು ನೋಡಲು ಹುಡುಗಿಯೊಬ್ಬಳು ಬಂದೇ ಬರುತ್ತಾಳೆ. ಮಾರನೆಯ ದಿನ ಬಂದಾಳು. ಅಂಟು ಒಣಗಿರದಿದ್ದರೆ ಅದರ ಮಾರನೆಯ ದಿನವೂ.

ಕೈಕೆಲಸದ ಮಾತಾಯಿತು. ಇದಕ್ಕೆ ಹತ್ತಿರದ ಇನ್ನೊಂದು ಆಟವಿದೆ. ನಮ್ಮ ಸಾರ್ವಜನಿಕ ಗ್ರಂಥಾಲಯಗಳ ಪುಸ್ತಕಗಳ ಬೆನ್ನ ಮೇಲೆ ಒಂದು ಸಂಖ್ಯೆ ಇರುತ್ತದೆ. ಹೆಚ್ಚಿನ ಕಡೆ ಅದು ಡ್ಯೂಯಿ ಎಂಬ ಅಮೆರಿಕನ್ನರ ದಶಾಂಶ ಪದ್ಧತಿ. 500 ಎಂದರೆ ವಿಜ್ಞಾನ. 900 ಎಂದರೆ ಚರಿತ್ರೆ, ಭೂಗೋಳ. 800 ಸಾಹಿತ್ಯ. ಅದರೊಳಗೆ ಕನ್ನಡ ಸಾಹಿತ್ಯದ ಮನೆ ನಂಬರು 894.814. ಮಕ್ಕಳಿಗೆ ಚೀಟಿಯಲ್ಲಿ ಸಂಖ್ಯೆ ಬರೆದು ಕೊಟ್ಟು ಪುಸ್ತಕ ಹುಡುಕಲು ಬಿಡಿ. ಹತ್ತು ನಿಮಿಷದಲ್ಲಿ ಕಪಾಟುಗಳ ನಕ್ಷೆ ಅವರ ತಲೆಯಲ್ಲಿ ಇರುತ್ತದೆ. ಆದರೆ ಪುಸ್ತಕಗಳು ಸಂಖ್ಯೆಯ ಪ್ರಕಾರ ಜೋಡಿಸಿದ್ದರೆ ಮಾತ್ರ ಈ ಆಟ ನಡೆಯುತ್ತದೆ. ಕೆಲವು ಕಡೆ ಅಡುಗೆ ಪುಸ್ತಕದ ಪಕ್ಕ ಕವಿ ಅಡಿಗರು ಇರುತ್ತಾರೆ. ಅಂಥ ಕಡೆ ಮೊದಲ ಕಮ್ಮಟ ಜೋಡಿಸುವುದೇ ಆಗಲಿ.

ಇಷ್ಟು ಹೊತ್ತು ಮಕ್ಕಳ ವಿಚಾರ ಹೇಳಿದೆ. ಈಗ ದೊಡ್ಡವರು. ದೊಡ್ಡವರಿಗೆ ಯಾವ ಪುಸ್ತಕ ಮುಟ್ಟಿಸುವುದು? ನನ್ನ ಉತ್ತರ, ಅವರ ಊರಿನ ಹೆಸರಿರುವ ಪುಸ್ತಕ.

ಬಿ. ಎಲ್. ರೈಸ್ ಎಂಬ ಹೆಸರನ್ನು ನೀವು ಕೇಳಿರಬಹುದು. ಬೆಂಗಳೂರಿನಲ್ಲೇ ಹುಟ್ಟಿದ ಇಂಗ್ಲಿಷರು. ಹಳೆ ಮೈಸೂರು ಮತ್ತು ಕೊಡಗಿನ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಸಂಗ್ರಹಿಸಿ ಹನ್ನೆರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಎಪಿಗ್ರಾಫಿಯಾ ಕರ್ನಾಟಿಕಾ ಎಂದು ಅದರ ಹೆಸರು. ಮೊದಲ ಸಂಪುಟ 1886ರದ್ದು, ಕೊಡಗಿನ ಶಾಸನಗಳು. ಆಮೇಲೆ ಮೈಸೂರು ವಿಶ್ವವಿದ್ಯಾಲಯದ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕರಿಸಿದ ಸಂಪುಟಗಳನ್ನು ತಂದಿತು. ಉತ್ತರ ಕರ್ನಾಟಕದವರು ಬೇಸರಪಡಬೇಡಿ. ದಕ್ಷಿಣ ಭಾರತದ ಶಾಸನಗಳ ಮಾಲೆಯಲ್ಲಿ ಮುಂಬಯಿ ಕರ್ನಾಟಕಕ್ಕೆಂದೇ ಸಂಪುಟಗಳಿವೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳೂ ಇವೆ.

ರೈಸರ ಸಂಪುಟಗಳ ಅನುಕೂಲ ಏನೆಂದರೆ, ಅವು ತಾಲ್ಲೂಕುವಾರು ಇವೆ. ತಾಲ್ಲೂಕಿನ ಹೆಸರು, ಶಾಸನದ ಸಂಖ್ಯೆ, ಯಾವ ಊರು, ಊರಿನಲ್ಲಿ ಎಲ್ಲಿ. ದೇವಸ್ಥಾನದ ಮುಂದೆ. ಕೆರೆ ಏರಿಯ ಮೇಲೆ. ಇಂಥವರ ಹೊಲದಲ್ಲಿ. ಒಂದು ಭಾನುವಾರ ಮಧ್ಯಾಹ್ನ ನಿಮ್ಮ ತಾಲ್ಲೂಕಿನ ಪುಟಗಳನ್ನು ಮೇಜಿನ ಮೇಲೆ ಇಡಿ. ಬಂದವರಿಗೆ ಒಂದೇ ಪ್ರಶ್ನೆ. ನಿಮ್ಮ ಊರು ಯಾವುದು? ಬೆರಳಿಟ್ಟು ಹುಡುಕಿ ತೋರಿಸಿ. ಪತ್ರಿಕೆ ಓದಲು ಬಂದ ರೈತರು, ಪಿಂಚಣಿದಾರರು, ಕಾಲೇಜು ಹುಡುಗರು, ಎಲ್ಲರಿಗೂ ಒಂದೊಂದು ಊರಿದೆ. "ಓ, ಇದು ನಮ್ಮ ಕೆರೆ ಕೋಡಿ ಕಲ್ಲಲ್ವಾ!" ಎಂಬ ಮಾತು ಬರುತ್ತದೆ. ಆ ಕಲ್ಲಿನ ಮೇಲೆ ಇಷ್ಟು ದಿನ ಬಟ್ಟೆ ಒಗೆಯುತ್ತಿದ್ದರು. ಈಗ ಗೊತ್ತಾಯಿತು, ಎಂಟುನೂರು ವರ್ಷದ ಹಿಂದೆ ದನ ಕಾಯಲು ಹೋರಾಡಿ ಸತ್ತವನ ವೀರಗಲ್ಲು ಅದು ಎಂದು. ಹಳಗನ್ನಡದ ಒಂದೆರಡು ಸಾಲು ಓದಿ ಅರ್ಥ ಹೇಳಲು ಹತ್ತಿರದ ಕಾಲೇಜಿನ ಕನ್ನಡ ಅಧ್ಯಾಪಕರು ಇದ್ದೇ ಇರುತ್ತಾರೆ. ಭಾಷಣಕ್ಕೆ ಕರೆದರೆ ಒಂದು ಗಂಟೆ ಮಾತಾಡುವವರು ಇಲ್ಲಿ ಹತ್ತು ಜನರ ಮಧ್ಯೆ ಬಗ್ಗಿ ಕೂತು ಅಕ್ಷರ ಬಿಡಿಸುತ್ತಾರೆ. ಅವರಿಗೂ ಸುಖ, ನಮಗೂ ಸುಖ.

ಒಂದು ಎಚ್ಚರಿಕೆಯ ಮಾತು. ಕಲ್ಲು ನೋಡಲು ಹೋದವರು ಅಕ್ಷರದೊಳಗೆ ಬಣ್ಣ ತುಂಬಬೇಡಿ, ಉಜ್ಜಬೇಡಿ. ತಿಳಿದವರು ಪಡಿಯಚ್ಚು ತೆಗೆಯುತ್ತಾರೆ. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಕುಂಚದಿಂದ ತಟ್ಟಿ, ಮೇಲೆ ಮಸಿ ಒತ್ತುತ್ತಾರೆ. ಅಕ್ಷರ ಬಿಳಿಯಾಗಿ, ಸುತ್ತಲೂ ಕಪ್ಪಾಗಿ ಮೂಡುತ್ತದೆ. ಅದನ್ನು ನೋಡುವುದೇ ಒಂದು ಕಮ್ಮಟ.

ಊರಿನ ಹೆಸರಿನಿಂದ ಪುಸ್ತಕಕ್ಕೆ ದಾರಿಯಾಯಿತು. ಸಿನಿಮಾದಿಂದಲೂ ಆಗುತ್ತದೆ. ಗ್ರಂಥಾಲಯದ ಪತ್ರಿಕೆ ಮೇಜಿನ ಬಳಿ ಹೆಂಗಸರು ಕೂತದ್ದನ್ನು ನೀವು ಎಷ್ಟು ಸಲ ಕಂಡಿದ್ದೀರಿ? ಆದರೆ ಕನ್ನಡ ಕಾದಂಬರಿಗಳನ್ನು ಕೊಂಡಾಡಿ ಬೆಳೆಸಿದವರಲ್ಲಿ ದೊಡ್ಡ ಪಾಲು ಅವರದೇ. ಒಂದು ಕಾಲಕ್ಕೆ ಊರೂರಿನಲ್ಲಿ ಬಾಡಿಗೆಗೆ ಕಾದಂಬರಿ ಕೊಡುವ ಅಂಗಡಿಗಳಿದ್ದವು. ತ್ರಿವೇಣಿ, ಎಂ. ಕೆ. ಇಂದಿರಾ, ಸಾಯಿಸುತೆ ಅವರ ಪುಸ್ತಕಗಳು ಮನೆಯಿಂದ ಮನೆಗೆ ನಡೆಯುತ್ತಿದ್ದವು. ಅಂಗಡಿಗಳು ಮುಚ್ಚಿದವು. ಆ ಓದುಗರು ಸಾರ್ವಜನಿಕ ಗ್ರಂಥಾಲಯಕ್ಕೆ ಬರಲಿಲ್ಲ. ಯಾರೂ ಅವರನ್ನು ಕರೆಯಲಿಲ್ಲ ಎಂಬುದು ನನ್ನ ಗುಮಾನಿ. ಕೂರುವ ಜಾಗದಲ್ಲಿ ಗಂಡಸರೇ ತುಂಬಿದ್ದರು ಎಂಬುದೂ ಇದೆ.

ಮಧ್ಯಾಹ್ನ ಮನೆಗೆಲಸ ಮುಗಿದ ಹೊತ್ತಿಗೆ ಕರೆಯಿರಿ. ಶರಪಂಜರ ಸಿನಿಮಾ ಎಲ್ಲರಿಗೂ ಗೊತ್ತು. ಪುಟ್ಟಣ್ಣನವರು ನಿರ್ದೇಶಿಸಿದ್ದು, 1971ರದ್ದು. ಮತ್ತೆ ತೋರಿಸುವ ಅಗತ್ಯವಿಲ್ಲ, ಟಿವಿಯಲ್ಲಿ ನೋಡಿಯೇ ಇರುತ್ತಾರೆ. ಅದು ತ್ರಿವೇಣಿಯವರ ಕಾದಂಬರಿ. ಗೆಜ್ಜೆಪೂಜೆ ಇಂದಿರಾ ಅವರದು. ನಾಗರಹಾವು ತರಾಸು ಅವರ ಒಂದಲ್ಲ, ಮೂರು ಕಾದಂಬರಿಗಳನ್ನು ಕೂಡಿಸಿ ಮಾಡಿದ್ದು. ಸಿನಿಮಾದಲ್ಲಿ ಹೀಗಿದೆ, ಪುಸ್ತಕದಲ್ಲಿ ಹೇಗಿದೆ? ಒಬ್ಬರು ಒಂದು ಅಧ್ಯಾಯ ಗಟ್ಟಿಯಾಗಿ ಓದಲಿ. ಉಳಿದವರು ಕೇಳಲಿ. ಜಗಲಿಯ ಮೇಲಿನ ಭಾರತ ವಾಚನ ಎಂದೆನಲ್ಲ, ಅದೇ ಕ್ರಮ. ಮುಂದಿನ ಅಧ್ಯಾಯ ಬೇಕಾದವರು ಪುಸ್ತಕ ಒಯ್ಯಬೇಕು. ಒಂದೇ ಪ್ರತಿ ಇದ್ದರೆ ಜಗಳ ಬೀಳುತ್ತದೆ. ಗ್ರಂಥಾಲಯದಲ್ಲಿ ಪುಸ್ತಕಕ್ಕಾಗಿ ಜಗಳ! ಕಿವಿ ತುಂಬ ಕೇಳಬೇಕಾದ ಸದ್ದು ಅದು.

ಮಕ್ಕಳು, ಊರಿನವರು, ಹೆಂಗಸರು ಆಯಿತು. ಈಗ ನನ್ನ ಅಳತೆಗೆ ಪೂರ್ತಿ ಒಗ್ಗದ ಒಂದು ಬಗೆಯ ಕಾರ್ಯಕ್ರಮ ಇದೆ. ಅದನ್ನೂ ಹೇಳಬೇಕು. ಅರ್ಜಿ ಬರೆಯುವ ಕಮ್ಮಟ, ಮೊಬೈಲ್ ಬಳಸುವ ಕಮ್ಮಟ.

ಮಾಹಿತಿ ಹಕ್ಕು ಕಾಯಿದೆ 2005ರದ್ದು. ನಮ್ಮ ರಾಜ್ಯದಲ್ಲಿ ಅರ್ಜಿ ಶುಲ್ಕ ಹತ್ತು ರೂಪಾಯಿ. ನೂರೈವತ್ತು ಪದದೊಳಗೆ ಕೇಳಬೇಕು. ಉತ್ತರ ಮೂವತ್ತು ದಿನದಲ್ಲಿ ಬರಬೇಕು. ಇದೆಲ್ಲ ಗೊತ್ತಿದ್ದರೂ ಜನ ಎಡವುವುದು ಪ್ರಶ್ನೆ ಕೇಳುವುದರಲ್ಲಿ. "ನಮ್ಮ ರಸ್ತೆ ಯಾಕೆ ಕೆಟ್ಟಿದೆ?" ಎಂದು ಬರೆದರೆ ಉತ್ತರ ಬರುವುದಿಲ್ಲ. ಯಾಕೆ ಎಂಬುದು ದಾಖಲೆಯಲ್ಲಿ ಇರುವುದಿಲ್ಲವಲ್ಲ. "ಈ ರಸ್ತೆಯ ಕಾಮಗಾರಿಯ ಅಂದಾಜು ಪಟ್ಟಿಯ ಪ್ರತಿ ಕೊಡಿ, ಅಳತೆ ಪುಸ್ತಕದ ಪ್ರತಿ ಕೊಡಿ" ಎಂದು ಬರೆದರೆ ಕೊಡಲೇಬೇಕು. ಇದನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು. ಹಾಗೆಯೇ ವಯಸ್ಸಾದವರಿಗೆ ಫೋನಿನ ಮೋಸದ ವಿಚಾರ. ದುಡ್ಡು ಹೋಯಿತು ಎಂದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಬೇಕು. ನಾಳೆ ಮಗ ಬಂದ ಮೇಲೆ ನೋಡೋಣ ಎನ್ನಬಾರದು. ಈ ಒಂದು ಸಂಖ್ಯೆ ಬಾಯಿಪಾಠವಾದರೆ ಆ ಕಮ್ಮಟ ಸಾರ್ಥಕ.

ಇವಕ್ಕೆ ಬಂದವರಲ್ಲಿ ಪುಸ್ತಕ ಒಯ್ಯುವವರು ಕಡಿಮೆ. ಕೆಲಸ ಆಯಿತು, ಹೊರಟರು. ಹಾಗೆಂದು ಬಿಡಬೇಕೆ? ನಾನು ಬಿಡಬೇಡಿ ಎನ್ನುತ್ತೇನೆ. ಗ್ರಂಥಾಲಯ ತಮ್ಮಂಥವರಿಗಲ್ಲ ಎಂದುಕೊಂಡಿದ್ದವರು ಒಮ್ಮೆ ಹೊಸ್ತಿಲು ದಾಟಿದರು. ಅವರ ಮೊಮ್ಮಗಳನ್ನು ಮುಂದಿನ ವಾರ ಕಳಿಸಲು ಅವರಿಗೆ ಅಂಜಿಕೆ ಇರುವುದಿಲ್ಲ. ಆದರೆ ವರ್ಷವಿಡೀ ಇದನ್ನೇ ಮಾಡಿದರೆ ಗ್ರಂಥಾಲಯ ಸೇವಾ ಕೇಂದ್ರವಾಗುತ್ತದೆ. ಅದಕ್ಕೆ ಬೇರೆ ಕಚೇರಿಗಳಿವೆ.

ಈಗ ಇದರಲ್ಲೆಲ್ಲ ಬಿಕ್ಕಟ್ಟಿನ ಮಾತು. ಮೂಲೆಯ ಮೇಜಿನಲ್ಲಿ ತಲೆ ಬಗ್ಗಿಸಿ ಓದುತ್ತಿರುವವರು ಇದ್ದಾರಲ್ಲ, ಅವರೇನು ಮಾಡಬೇಕು? ಕೆಎಎಸ್, ಪಿಎಸ್‌ಐ, ಪಿಡಿಒ, ಒಂದಲ್ಲ ಒಂದು ಪರೀಕ್ಷೆ. ಬಾಗಿಲು ತೆರೆಯುವ ಮೊದಲೇ ಬಂದು ಕಾಯುತ್ತಾರೆ. ಮನೆಯಲ್ಲಿ ಒಂದೇ ಕೋಣೆ. ಅಲ್ಲೇ ಟಿವಿ, ಅಲ್ಲೇ ತಮ್ಮನ ಗಲಾಟೆ. ಕೋಚಿಂಗಿಗೆ ದುಡ್ಡಿಲ್ಲ. ಅವರು ತಂದ ಪುಸ್ತಕ ಅವರದೇ. ಗ್ರಂಥಾಲಯದಿಂದ ಅವರಿಗೆ ಬೇಕಾಗಿರುವುದು ಒಂದು ಕುರ್ಚಿ, ಒಂದು ಫ್ಯಾನು, ಮೌನ. ಕೆಲವು ಹಿರಿಯರು ಇವರನ್ನು ಕಂಡರೆ ಸಿಡಿಮಿಡಿಗೊಳ್ಳುತ್ತಾರೆ. ಸಾಹಿತ್ಯ ಮುಟ್ಟುವುದಿಲ್ಲ, ಬರೀ ಜಾಗ ಹಿಡಿಯುತ್ತಾರೆ ಎಂದು. ನನಗೆ ಆ ಸಿಟ್ಟು ಒಪ್ಪಿಗೆಯಿಲ್ಲ. ಇವತ್ತು ಸಣ್ಣ ಊರಿನ ಗ್ರಂಥಾಲಯಕ್ಕೆ ದಿನಾ ತಪ್ಪದೆ ಬರುವವರು ಅವರು. ಮಾರನೆಯ ದಿನ ಯಾರು ಬಂದರು ಎಂದು ಕೇಳಿದರೆ, ಅವರು ಬಂದರು.

ಆದ್ದರಿಂದ ಕಾರ್ಯಕ್ರಮದ ಹೆಸರಿನಲ್ಲಿ ಅವರನ್ನು ಎಬ್ಬಿಸಬಾರದು. ಕಥೆ ಹೇಳುವುದನ್ನು ಹೊರಗಿನ ವರಾಂಡದಲ್ಲಿ ಮಾಡಿ, ಮರದ ಕೆಳಗೆ ಮಾಡಿ. ಸಮಯ ಗೊತ್ತು ಮಾಡಿ ಒಂದು ವಾರ ಮೊದಲೇ ಬಾಗಿಲಿಗೆ ಬರೆದು ಅಂಟಿಸಿ. ದೊಡ್ಡ ಪರೀಕ್ಷೆಯ ಹಿಂದಿನ ವಾರ ಏನೂ ಇಟ್ಟುಕೊಳ್ಳಬೇಡಿ. ಜಾಗವೇ ಇಲ್ಲದ ಕಡೆ ಪಕ್ಕದ ಶಾಲೆಯ ಕೋಣೆ ಕೇಳಿ. ಆದರೆ ಪುಸ್ತಕಗಳನ್ನು ಬುಟ್ಟಿಯಲ್ಲಿ ಹೊತ್ತು ಅಲ್ಲಿಗೆ ತೆಗೆದುಕೊಂಡು ಹೋಗಿ, ಅಲ್ಲೇ ರಿಜಿಸ್ಟರಿಗೆ ಬರೆದು ಕೊಡಿ. ಪುಸ್ತಕ ಜೊತೆಗೆ ಬಾರದಿದ್ದರೆ ಅದು ಶಾಲೆಯ ಕಾರ್ಯಕ್ರಮ.

ಇಷ್ಟೆಲ್ಲ ಮಾಡುವವರು ಯಾರು? ಇಲ್ಲಿ ಮಾತು ಸ್ವಲ್ಪ ಖಾರವಾಗುತ್ತದೆ. ಒಬ್ಬರೇ ಗ್ರಂಥಪಾಲಕರು, ಬಹಳ ಕಡೆ ಒಬ್ಬರೇ ಸಹಾಯಕರು. ಬಾಗಿಲು ತೆಗೆಯುವವರು, ಗುಡಿಸುವವರು, ಪತ್ರಿಕೆ ಜೋಡಿಸುವವರು, ಮೇಲಿನ ಕಚೇರಿಗೆ ಲೆಕ್ಕ ಕಳಿಸುವವರು ಎಲ್ಲ ಅವರೇ. ಹಳ್ಳಿಯ ಕಡೆ ಬಹುಕಾಲ ಅವರಿಗೆ ಸಿಕ್ಕಿದ್ದು ಗೌರವಧನ ಮಾತ್ರ. ಅವರ ತಲೆಗೆ ತಿಂಗಳಿಗೆ ನಾಲ್ಕು ಕಾರ್ಯಕ್ರಮ ಎಂದು ಸುತ್ತೋಲೆ ಹೊರಿಸಿದರೆ ಏನಾಗುತ್ತದೆ? ನಾಲ್ಕು ಫೋಟೊ ಆಗುತ್ತದೆ.

ಪಕ್ಕದ ಕೇರಳದ ಕಡೆ ನೋಡಿ. ಪಿ. ಎನ್. ಪಣಿಕ್ಕರ್ ಎಂಬ ಶಾಲಾ ಮಾಸ್ತರರು 1945ರಲ್ಲಿ ಐವತ್ತಕ್ಕೆ ಹತ್ತಿರ ಹತ್ತಿರ ಗ್ರಂಥಶಾಲೆಗಳನ್ನು ಕೂಡಿಸಿ ಒಂದು ಸಂಘ ಕಟ್ಟಿದರು. ಅದು ಚಳವಳಿಯಾಗಿ ಹಬ್ಬಿತು. ಅವರು ತೀರಿಕೊಂಡ ಜೂನ್ 19 ಅಲ್ಲಿ ಓದಿನ ದಿನ. ಅಲ್ಲಿಯ ಗ್ರಂಥಶಾಲೆಗಳನ್ನು ನಡೆಸುವುದು ಊರಿನ ಸದಸ್ಯರು ಆರಿಸಿದ ಸಮಿತಿ. ರಾಜ್ಯದ ಗ್ರಂಥಾಲಯ ಪರಿಷತ್ತು ಅವುಗಳ ಕೆಲಸ ನೋಡಿ ಶ್ರೇಣಿ ಕೊಡುತ್ತದೆ, ಶ್ರೇಣಿಗೆ ತಕ್ಕ ಅನುದಾನ ಬರುತ್ತದೆ. ನಮ್ಮಲ್ಲಿ ಕಟ್ಟಡ ಸರ್ಕಾರದ್ದು, ಪುಸ್ತಕ ಸರ್ಕಾರದ್ದು, ನೌಕರರು ಸರ್ಕಾರದವರು. ಊರಿನವರು ಬರೀ ಬಂದುಹೋಗುವವರು. ಪುಸ್ತಕ ಯಾವುದು ಬರಬೇಕು ಎಂಬುದರಲ್ಲಿ ಕೂಡ ಊರಿನವರ ಮಾತು ನಡೆಯುವುದು ಕಡಿಮೆ. ಸಗಟು ಖರೀದಿಯಲ್ಲಿ ಬಂದದ್ದು ಬಂತು.

ಕಾಯಿದೆ ಬದಲಾಗುವವರೆಗೆ ಕಾಯಬೇಕಾಗಿಲ್ಲ. ನಿಮ್ಮ ಊರಿನಲ್ಲಿ ನಿವೃತ್ತ ಶಿಕ್ಷಕಿ ಒಬ್ಬರಿರುತ್ತಾರೆ, ಕಥೆ ಹೇಳಬಲ್ಲವರು. ಬೈಂಡಿಂಗ್ ಅಂಗಡಿಯವರಿರುತ್ತಾರೆ. ಶಾಸನದ ಹುಚ್ಚು ಹಿಡಿದ ಕನ್ನಡ ಮೇಷ್ಟರು ಇರುತ್ತಾರೆ. ವಕೀಲರಲ್ಲಿ ಒಬ್ಬರಾದರೂ ದುಡ್ಡು ಕೇಳದೆ ಅರ್ಜಿ ಬರೆಯುವುದನ್ನು ಹೇಳಿಕೊಡುವವರಿರುತ್ತಾರೆ. ಈ ನಾಲ್ಕು ಜನ ಗ್ರಂಥಪಾಲಕರ ಬಳಿ ಹೋಗಿ, "ಮೇಡಂ, ತಿಂಗಳಿಗೆ ಒಂದು ಭಾನುವಾರ ನಮಗೆ ಕೊಡಿ, ಕುರ್ಚಿ ನಾವೇ ಹಾಕುತ್ತೇವೆ, ನಾವೇ ಎತ್ತಿಡುತ್ತೇವೆ" ಎಂದರೆ ಬೇಡ ಎನ್ನುವವರು ಅಪರೂಪ. ಮೇಲಿನವರ ಅನುಮತಿ ಕೇಳಬೇಕು ಎನ್ನಬಹುದು. ಹಾಗಾದರೆ ಒಂದು ಪತ್ರ ಬರೆದು ಕೊಡಿ, ಸಹಿ ಹಾಕಿಸಿ ಸ್ವೀಕೃತಿ ಪಡೆಯಿರಿ. ಜೊತೆಗೆ ರಿಜಿಸ್ಟರಿನ ಕೊನೆಯ ಪುಟದಲ್ಲಿ ಎರಡು ಗೆರೆ ಎಳೆಯಲು ಹೇಳಿ. ಕಾರ್ಯಕ್ರಮಕ್ಕೆ ಬಂದವರು ಎಷ್ಟು ಎಂದು ಒಂದು ಕಡೆ. ಮುಂದಿನ ಏಳು ದಿನದಲ್ಲಿ ಹೊಸದಾಗಿ ಸದಸ್ಯರಾದವರು, ಪುಸ್ತಕ ಒಯ್ದವರು ಎಷ್ಟು ಎಂದು ಇನ್ನೊಂದು ಕಡೆ. ಮೂರು ತಿಂಗಳು ಬರೆದರೆ ಯಾವ ಕಾರ್ಯಕ್ರಮ ಉಳಿಸಬೇಕು, ಯಾವುದು ಬಿಡಬೇಕು ಎಂದು ಆ ಪುಟವೇ ಹೇಳುತ್ತದೆ.

ಈ ವಾರವೇ ಒಮ್ಮೆ ಹೋಗಿ ಮಾತಾಡಿ ಬನ್ನಿ. ಸೋಮವಾರ ಮಾತ್ರ ಹೋಗಬೇಡಿ, ರಜೆ ಇರುತ್ತದೆ. ತಿಂಗಳ ಎರಡನೆಯ ಮಂಗಳವಾರವೂ ಬೇಡ.